ವೆಲ್ಲೂರಿನ ಡಾಕ್ಟರಮ್ಮ

ಬಳ್ಳಾರಿ ಸೀಮೆಯಲ್ಲಿ ಕಾಯಿಲೆಯೊಂದು ಊರಿನ ವೈದ್ಯರ ಕೈಮೀರಿತೆಂದರೆ ಹಿರಿಯರ ಬಾಯಿಗೆ ಬರುವ ಹೆಸರುಗಳಲ್ಲಿ ವೆಲ್ಲೂರು ಒಂದು. ಸಿರುಗುಪ್ಪದ ರೈತನೂ ಕುರುಗೋಡಿನ ಅಂಗಡಿಕಾರನೂ ಹಾಸಿಗೆ ಸುತ್ತಿಕೊಂಡು, ಗುಂತಕಲ್ಲಿನ ದಾರಿ ಹಿಡಿದು, ಕಾಟ್ಪಾಡಿಯಲ್ಲಿ ಇಳಿದು, ಆ ಮಹಾ ಆಸ್ಪತ್ರೆಯ ಬಾಗಿಲಲ್ಲಿ ಸರತಿಯ ಸಾಲು ಕಾಯ್ದು ಬಂದವರೇ. ಅಲ್ಲಿ ಗಂಡಸರಿಗೂ ಹೆಂಗಸರಿಗೂ, ಹೃದಯಕ್ಕೂ ಮೂಳೆಗೂ ಚಿಕಿತ್ಸೆ ಉಂಟು. ಆದರೆ ಆ ಸಂಸ್ಥೆ ಹುಟ್ಟಿದ್ದು ಹೆಂಗಸರಿಗಾಗಿ. ಬೆಳೆದದ್ದು ಹೆಂಗಸರ ಕೈಯಲ್ಲಿ. ಗಂಡು ವೈದ್ಯನು ಹೆಣ್ಣಿನ ಮೈ ಮುಟ್ಟಕೂಡದೆಂಬ ಒಂದು ನಿಷೇಧವೇ ಅದರ ತಳಗಲ್ಲು. ಈ ಸಂಗತಿ ಅಲ್ಲಿಗೆ ಹೋಗಿಬಂದವರಲ್ಲಿಯೂ ಅನೇಕರಿಗೆ ತಿಳಿಯದು. ಅದನ್ನು ಕಟ್ಟಿದವರು ಡಾಕ್ಟರ್ ಐಡಾ ಸ್ಕಡರ್.

ಅವರ ಜೀವನವನ್ನು ಭಕ್ತಿಕಥೆಯಾಗಿ ಹೇಳುವುದು ರೂಢಿ. ಒಂದು ಭೀಕರ ರಾತ್ರಿ, ಒಂದು ಸಂಕಲ್ಪ, ಅನಂತರ ಅರ್ಧ ಶತಮಾನದ ಸೇವೆ. ಕಥೆ ಸುಳ್ಳಲ್ಲ. ಆದರೆ ಆ ರಾತ್ರಿಯ ಪ್ರಶ್ನೆ ಇನ್ನೂ ತೀರಿಲ್ಲವಾದ ಕಾರಣ, ನಮ್ಮ ಸೀಮೆಯ ಕಣ್ಣಿನಿಂದ ಅದನ್ನು ಮತ್ತೊಮ್ಮೆ ನೋಡಬೇಕೆಂದು ನನಗೆ ಅನ್ನಿಸಿತು. ಬಳ್ಳಾರಿ ಆ ಕಥೆಗೆ ಪರಸ್ಥಳವೂ ಅಲ್ಲ. 1800ರಲ್ಲಿ ನಿಜಾಮನಿಂದ ಕಂಪೆನಿ ಸರಕಾರಕ್ಕೆ ಸಂದ ಈ ಜಿಲ್ಲೆ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಮದರಾಸಿನ ಆಡಳಿತದಲ್ಲಿಯೇ ಇತ್ತು. ವೆಲ್ಲೂರಿಗೂ ಬಳ್ಳಾರಿಗೂ ಗವರ್ನರನು ಒಬ್ಬನೇ, ವೈದ್ಯಖಾತೆ ಒಂದೇ, ಪರೀಕ್ಷೆ ಒಂದೇ. ಕ್ಷಾಮವೂ ಒಂದೇ.

ಐಡಾಳ ಬಾಲ್ಯಕ್ಕೆ ಆ ಕ್ಷಾಮದಿಂದಲೇ ಪ್ರವೇಶಿಸಬೇಕು. ಆಕೆ ಹುಟ್ಟಿದ್ದು 1870ರ ಡಿಸೆಂಬರ್ 9ರಂದು, ಉತ್ತರ ಆರ್ಕಾಟಿನ ರಾಣಿಪೇಟೆಯಲ್ಲಿ. ಅಜ್ಜ ಜಾನ್ ಸ್ಕಡರ್ 1819ರಲ್ಲಿ ಅಮೆರಿಕವನ್ನು ಬಿಟ್ಟು ಮೊದಲು ಸಿಂಹಳಕ್ಕೆ, ತರುವಾಯ ಮದರಾಸಿಗೆ ಬಂದ ವೈದ್ಯ ಪಾದ್ರಿ. ಅವನ ಮಕ್ಕಳು ಮೊಮ್ಮಕ್ಕಳಲ್ಲಿ ಅನೇಕರು ಇದೇ ವೃತ್ತಿಯನ್ನು ಹಿಡಿದರು. ಐಡಾಳ ತಂದೆಯೂ ವೈದ್ಯನೇ. ಅಣ್ಣಂದಿರ ನಡುವೆ ಆಕೆಯೊಬ್ಬಳೇ ಹೆಣ್ಣುಮಗಳು. 1876ರಿಂದ 1878ರವರೆಗಿನ ಮಹಾ ಕ್ಷಾಮ ಬಂದಾಗ ಆಕೆಗೆ ಆರೇಳು ವರುಷ. ನಿಲ್ಲಲಾರದ ಮಕ್ಕಳ ಬಾಯಿಗೆ ಆ ಹುಡುಗಿ ತನ್ನ ಪುಟ್ಟ ಕೈಯಿಂದ ರೊಟ್ಟಿಯ ಚೂರುಗಳನ್ನು ಇಡಬೇಕಾಯಿತು. ತಾವೇ ಎತ್ತಿ ತಿನ್ನುವ ಶಕ್ತಿ ಆ ಮಕ್ಕಳಿಗೆ ಉಳಿದಿರಲಿಲ್ಲ. ಅದೇ ಕ್ಷಾಮ ಬಳ್ಳಾರಿಯನ್ನು ಇನ್ನೂ ಘೋರವಾಗಿ ಹಿಂಡಿತು. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಈ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲೊಂದು ಪಾಲು ಇಳಿಯಿತು. ಗಂಜಿಕೇಂದ್ರಗಳ ನೆನಪು ನಮ್ಮ ಮುತ್ತಜ್ಜಿಯರ ಮಾತಿನಲ್ಲಿ ಬಹುಕಾಲ ಉಳಿದಿತ್ತು. ಐಡಾಳ ಮನಸ್ಸಿನಲ್ಲಿ ಅದು ಭಾರತದ ಬಗ್ಗೆ ಒಂದು ಭಯವಾಗಿ ನಿಂತಿತು.

1878ರಲ್ಲಿ ಕುಟುಂಬ ಅಮೆರಿಕಕ್ಕೆ ಮರಳಿತು. ಕೆಲವು ವರುಷಗಳ ಮೇಲೆ ತಂದೆತಾಯಿಗಳು ಮತ್ತೆ ಭಾರತಕ್ಕೆ ಹೊರಟರು; ಹುಡುಗಿ ಅಲ್ಲಿಯೇ ಬಂಧುಗಳ ಮನೆಯಲ್ಲಿಯೂ, ಆಮೇಲೆ ಮಾಸಚುಸೆಟ್ಸಿನ ನಾರ್ತ್‌ಫೀಲ್ಡ್ ವಿದ್ಯಾಶಾಲೆಯಲ್ಲಿಯೂ ಬೆಳೆದಳು. ಚೆಲುವೆ, ಚುರುಕು, ನಗೆಗಾರ್ತಿ. ಮನೆತನದ ವೃತ್ತಿ ತನಗೆ ಬೇಡ, ಮದುವೆಯಾಗಿ ಅಮೆರಿಕದಲ್ಲಿಯೇ ನೆಲೆಸುವೆನೆಂಬುದು ಆಕೆಯ ನಿಶ್ಚಯವಾಗಿತ್ತು. 1890ರಲ್ಲಿ ತಾಯಿಯ ಆರೋಗ್ಯ ಕೆಟ್ಟು, ಶುಶ್ರೂಷೆಗೆಂದು ಆಕೆ ತಿಂಡಿವನಕ್ಕೆ ಬಂದದ್ದು ಕೆಲವು ಕಾಲದ ಮಟ್ಟಿಗೆ ಮಾತ್ರ.

ಆ ರಾತ್ರಿ ನಡೆದದ್ದು ಅಲ್ಲಿ. ಬಂಗಲೆಯಲ್ಲಿ ದೀಪ ಹಚ್ಚಿಕೊಂಡು ಕುಳಿತಿದ್ದ ತರುಣಿಯನ್ನು ಹುಡುಕಿಕೊಂಡು ಮೊದಲು ಒಬ್ಬ ಬ್ರಾಹ್ಮಣ ಯುವಕ ಬಂದ. ಅವನ ಹೆಂಡತಿ ಇನ್ನೂ ಎಳೆಯ ಹುಡುಗಿ. ಹೆರಿಗೆಯಾಗದೆ ಒದ್ದಾಡುತ್ತಿದ್ದಾಳೆ, ಸೂಲಗಿತ್ತಿ ಕೈಬಿಟ್ಟಿದ್ದಾಳೆ. ಬಂದು ಕಾಪಾಡಬೇಕೆಂದು ಬೇಡಿಕೊಂಡ. ಐಡಾ ತಾನು ವೈದ್ಯೆಯಲ್ಲವೆಂದಳು, ಪಕ್ಕದ ಕೋಣೆಯಲ್ಲಿರುವ ತಂದೆಯನ್ನು ಕರೆಯುವೆನೆಂದಳು. ಯುವಕ ಹಿಂದೆ ಸರಿದ. ಪರಪುರುಷನು ತನ್ನ ಹೆಂಡತಿಯ ಮುಖವನ್ನು ನೋಡುವುದಕ್ಕಿಂತ ಅವಳು ಸಾಯುವುದೇ ಲೇಸೆಂದು ಹೊರಟುಹೋದ. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಹೆಜ್ಜೆಯ ಸಪ್ಪಳ. ಅವನೇ ಮನಸ್ಸು ಬದಲಾಯಿಸಿ ಬಂದನೆಂದು ಈಕೆ ಎದ್ದು ನೋಡಿದರೆ, ಬಾಗಿಲಲ್ಲಿ ನಿಂತವನು ಒಬ್ಬ ಮುಸಲ್ಮಾನ. ಅವನ ಮನೆಯಲ್ಲಿಯೂ ಅದೇ ಸಂಕಟ. ಅದೇ ಬೇಡಿಕೆ, ಅದೇ ಉತ್ತರ, ಅದೇ ನಿರಾಕರಣೆ. ಈ ಬಾರಿ ತಂದೆಯೇ ಹೊರಗೆ ಬಂದು ಹೇಳಿದರೂ ಪ್ರಯೋಜನವಾಗಲಿಲ್ಲ. ಮೂರನೆಯವನೂ ಬಂದ, ಮೇಲುಜಾತಿಯ ಇನ್ನೊಬ್ಬ ಹಿಂದು. ಅವನೂ ಹಾಗೆಯೇ ಹಿಂದಿರುಗಿದ. ಐಡಾಳಿಗೆ ನಿದ್ರೆ ಹತ್ತಲಿಲ್ಲ. ಬೆಳಗಾಗುತ್ತ ಊರಿನೊಳಗಿಂದ ಶವಯಾತ್ರೆಯ ತಮಟೆ ಕೇಳಿಬಂತು. ಆಳನ್ನು ಕಳುಹಿಸಿ ವಿಚಾರಿಸಿದಾಗ ಮೂವರು ಹೆಂಗಸರೂ ಸತ್ತಿದ್ದರು.

ವೈದ್ಯಶಾಸ್ತ್ರದ ಮಾತಿನಲ್ಲಿ ಇದು ಅಂದು ಅಪೂರ್ವ ಘಟನೆಯೇನೂ ಅಲ್ಲ. ಮೈ ಇನ್ನೂ ಬಲಿಯದ ಹುಡುಗಿಯ ಬಸಿರಿನಲ್ಲಿ ಮಗುವಿನ ತಲೆಗೆ ದಾರಿ ಸಾಲದು; ನೋವು ಒಂದು ಹಗಲು, ಒಂದು ರಾತ್ರಿ, ಮತ್ತೊಂದು ಹಗಲು ಎಳೆಯುತ್ತದೆ; ಗರ್ಭಕೋಶ ದಣಿಯುತ್ತದೆ ಅಥವಾ ಹರಿಯುತ್ತದೆ. ನುರಿತ ಸೂಲಗಿತ್ತಿಯ ಕೈ ಬಹು ದೂರದವರೆಗೆ ಕಾಯಬಲ್ಲದು. ನಮ್ಮ ನೆರೆಯ ಪಾವಗಡದ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಕಾಸು ಮುಟ್ಟದೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದದ್ದನ್ನೂ, ಅದೇ ವರುಷ ಡಿಸೆಂಬರಿನಲ್ಲಿ ತೀರಿಕೊಂಡದ್ದನ್ನೂ ವಾಚಕರು ಬಲ್ಲರು. ಆದರೆ ಇಕ್ಕಳವೋ ಶಸ್ತ್ರವೋ ಬೇಕಾದ ಘಟ್ಟದಲ್ಲಿ ಬರಿಗೈ ನಿಲ್ಲುತ್ತದೆ. ಅಲ್ಲಿಂದ ಮುಂದೆ ಗಳಿಗೆಗಳ ಲೆಕ್ಕ. ಆ ಗಳಿಗೆಗಳು ತಿಂಡಿವನದಲ್ಲಿ ಬಾಗಿಲ ಬಳಿಯ ಮಾತಿನಲ್ಲಿ ಕಳೆದುಹೋದವು. ಅದೇ ಕಾಲದಲ್ಲಿ, 1891ರಲ್ಲಿ, ಹುಡುಗಿಯರ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸುವ ಕಾನೂನಿನ ಮೇಲೆ ದೇಶದಾದ್ಯಂತ ವಾಗ್ವಾದ ನಡೆದಿತ್ತು. ವಾದಿಸಿದವರು ಬಹುತೇಕ ಗಂಡಸರು. ವಾದದ ವಸ್ತು ಹೆಣ್ಣಿನ ಮೈ.

ಈ ಕಥೆಯನ್ನು ಓದಿದಾಗಲೆಲ್ಲ ನನ್ನನ್ನು ಕಾಡುವುದು ಒಂದು ಅಂಶ. ಕಥೆಯಲ್ಲಿ ಮೂವರು ಗಂಡಸರು ಮಾತನಾಡುತ್ತಾರೆ, ಐಡಾ ಮಾತನಾಡುತ್ತಾಳೆ, ತಂದೆ ಮಾತನಾಡುತ್ತಾನೆ. ಸಾಯುತ್ತಿದ್ದ ಮೂವರು ಮಾತ್ರ ಮಾತನಾಡುವುದಿಲ್ಲ. ಅವರಿಗೆ ಹೆಸರೂ ಇಲ್ಲ. ಗಂಡು ವೈದ್ಯ ಬೇಡವೆಂದವರು ಅವರೋ, ಅವರ ಪರವಾಗಿ ಗಂಡಂದಿರೋ? ಬಾಗಿಲಿಗೆ ಬಂದು ಬೇಡವೆಂದವನು ಗಂಡ. ಒಳಗೆ ಮಲಗಿದವಳನ್ನು ಯಾರೂ ಕೇಳಿಬರಲಿಲ್ಲ. ಕೇಳಿದ್ದರೆ ಆಕೆಯೂ ಬೇಡವೆನ್ನುತ್ತಿದ್ದಳೋ ಏನೋ. ಅಷ್ಟು ಚಿಕ್ಕಂದಿನಿಂದ ಕಲಿತ ನಾಚಿಕೆ ಸಾವಿನ ಮುಂದೆಯೂ ಕರಗದಿರಬಹುದು. ಆದರೆ ಹೆಣ್ಣು ತಾನೇ ಆರಿಸಿಕೊಳ್ಳುವ ಮರ್ಯಾದೆ ಒಂದು, ಅವಳ ಮೇಲೆ ಮನೆಯವರು ಹೊದಿಸುವ ಮಾನ ಇನ್ನೊಂದು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಸೆರಗಿನಂತೆ ಕಾಣುತ್ತವೆ. ಈ ಭೇದವನ್ನು ಕೈಬಿಟ್ಟರೆ ಐಡಾ ಸ್ಕಡರ್ ಮಾಡಿದ ಕೆಲಸದ ಅರ್ಧಭಾಗ ನಮಗೆ ಅರ್ಥವಾಗದು.

ಮಿಷನ್ ಸಾಹಿತ್ಯದಲ್ಲಿ ಈ ಪ್ರಸಂಗ ಬಹುಮಟ್ಟಿಗೆ ಪೂರ್ವದೇಶದ ಅಂಧಕಾರದ ದೃಷ್ಟಾಂತವಾಗಿ ಬರುತ್ತದೆ. ಇದನ್ನು ನಾನು ಒಪ್ಪಲಾರೆ. ಹೆಣ್ಣು ವೈದ್ಯೆ ಬೇಕೆಂಬ ಆಸೆ ಅಮೆರಿಕದಲ್ಲಿಯೂ ಇತ್ತು. 1849ರಲ್ಲಿ ಆ ದೇಶದಲ್ಲಿ ಮೊದಲ ಬಾರಿಗೆ ವೈದ್ಯ ಪದವಿ ಪಡೆದ ಮಹಿಳೆ ಎಲಿಜಬೆತ್ ಬ್ಲ್ಯಾಕ್‌ವೆಲ್. ಆಕೆಯನ್ನು ಆ ದಾರಿಗೆ ಹಚ್ಚಿದ್ದು ಸಾವಿನ ಹಾಸಿಗೆಯಲ್ಲಿದ್ದ ಒಬ್ಬ ಗೆಳತಿಯ ಮಾತು. ತನಗೆ ಚಿಕಿತ್ಸೆ ಮಾಡಿದವರು ಹೆಂಗಸಾಗಿದ್ದರೆ ತನ್ನ ಯಾತನೆಯ ಅತ್ಯಂತ ಕ್ರೂರವಾದ ಭಾಗ ತಪ್ಪುತ್ತಿತ್ತೆಂದು ಆ ಗೆಳತಿ ಹೇಳಿಕೊಂಡಿದ್ದಳು. ಫಿಲಡೆಲ್ಫಿಯಾದಲ್ಲಿ 1850ರಲ್ಲಿಯೇ ಹೆಂಗಸರ ವೈದ್ಯಕೀಯ ಕಾಲೇಜು ಸ್ಥಾಪನೆಯಾಗಿತ್ತು. ಅಲ್ಲಿಯೇ ನಮ್ಮ ಆನಂದಿಬಾಯಿ ಜೋಶಿ ಓದಿ 1886ರಲ್ಲಿ ಪದವಿ ಪಡೆದಳು. ತನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ ಹೆತ್ತ ಕೂಸನ್ನು ಕಳೆದುಕೊಂಡಿದ್ದ ತಾಯಿ ಆಕೆ. ಬೆಳಗಾವಿಯ ಪಕ್ಕದ ಕೊಲ್ಹಾಪುರದ ಆಸ್ಪತ್ರೆಯ ಹೆಂಗಸರ ವಿಭಾಗಕ್ಕೆ ಆಕೆಯನ್ನು ನೇಮಿಸಿದ್ದರು. ಕೆಲಸಕ್ಕೆ ಕೂಡುವ ಮೊದಲೇ 1887ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಕ್ಷಯ ಆಕೆಯನ್ನು ಕೊಂಡೊಯ್ದಿತು. ಅದೇ ಕಾಲೇಜಿಗೆ 1895ರಲ್ಲಿ ಐಡಾ ಸೇರಿದಳು.

ಐಡಾಳಿಗಿಂತ ಮುಂಚೆ ಮದರಾಸಿನಲ್ಲಿಯೇ ಈ ಪ್ರಶ್ನೆಗೆ ಉತ್ತರ ಹುಡುಕಿದವರಿದ್ದರು. ಬ್ಯಾರಿಸ್ಟರನ ಹೆಂಡತಿಯಾಗಿ ಅಲ್ಲಿಗೆ ಬಂದ ಮೇರಿ ಶಾರ್ಲೀಬ್, ಹೆರಿಗೆಯಲ್ಲಿ ಹೆಂಗಸರು ಪಡುವ ಪಾಡನ್ನು ಕೇಳಿ ಕೇಳಿ, 1875ರಲ್ಲಿ ಮದರಾಸು ವೈದ್ಯಕೀಯ ಕಾಲೇಜಿನ ಬಾಗಿಲು ಹೆಂಗಸರಿಗೆ ತೆರೆದಾಗ ಒಳಹೊಕ್ಕ ನಾಲ್ವರಲ್ಲಿ ಒಬ್ಬಳಾದಳು. 1885ರಲ್ಲಿ ಆಕೆಯ ಪ್ರಯತ್ನದಿಂದ ಜಾತಿಸ್ಥ ಮತ್ತು ಗೋಷಾ ಹೆಂಗಸರಿಗೆಂದೇ ಒಂದು ಆಸ್ಪತ್ರೆ ಎದ್ದಿತು. ಇಂದು ಅದು ಕಸ್ತೂರಬಾ ಗಾಂಧಿ ಆಸ್ಪತ್ರೆ. ಗೋಷಾ ಎಂಬ ಮಾತು ನಮ್ಮ ಬೆಂಗಳೂರಿನ ಶಿವಾಜಿನಗರದ ಆಸ್ಪತ್ರೆಯ ಹೆಸರಿನಲ್ಲಿ ಈಗಲೂ ಉಳಿದಿದೆ. ಆದರೆ ಇವೆಲ್ಲ ದೊಡ್ಡ ಪಟ್ಟಣಗಳ ಮಾತು. ಜಿಲ್ಲೆಯ ಊರುಗಳಲ್ಲಿ, ಹಳ್ಳಿಗಳಲ್ಲಿ ಸೂಲಗಿತ್ತಿಗೂ ಸಾವಿಗೂ ನಡುವೆ ಏನೂ ಇರಲಿಲ್ಲ.

ಫಿಲಡೆಲ್ಫಿಯಾದಲ್ಲಿ ಮೂರು ವರುಷ ಕಳೆದ ಮೇಲೆ, ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜು 1898ರಲ್ಲಿ ಮೊದಲ ಬಾರಿಗೆ ಹೆಂಗಸರನ್ನು ಸೇರಿಸಿಕೊಂಡಾಗ ಐಡಾ ಅಲ್ಲಿಗೆ ಹೋಗಿ 1899ರಲ್ಲಿ ಪದವಿ ಪಡೆದಳು. ಹೊರಡುವ ಮುನ್ನ ಷೆಲ್ ಎಂಬ ಬ್ಯಾಂಕರು, ತೀರಿಕೊಂಡ ತನ್ನ ಹೆಂಡತಿಯ ಸ್ಮರಣೆಗಾಗಿ 10,000 ಡಾಲರುಗಳನ್ನು ಆಕೆಯ ಕೈಯಲ್ಲಿಟ್ಟ. ಗೆಳತಿ ಆ್ಯನಿ ಹ್ಯಾನ್ಕಾಕಳೊಡನೆ ಆಕೆ 1900ರ ಆದಿಯಲ್ಲಿ ಭಾರತವನ್ನು ಮುಟ್ಟಿದಳು. ಇಲ್ಲಿಂದ ಮುಂದೆ ಆಕೆಯ ವಿಷಯದಲ್ಲಿ ಏಕವಚನ ನನ್ನ ಲೇಖನಿಗೆ ಬಾರದು.

ವೆಲ್ಲೂರಿನಲ್ಲಿ ಡಾಕ್ಟರ್ ಐಡಾ ಮೊದಲು ಕಂಡದ್ದು ಅನಿರೀಕ್ಷಿತವಾದ ಸಂಗತಿ. ಹೆಣ್ಣು ವೈದ್ಯೆ ಇಲ್ಲದೆ ಹೆಂಗಸರು ಸಾಯುತ್ತಾರೆಂದು ಓದಿಬಂದರೆ, ಹೆಣ್ಣು ವೈದ್ಯೆಯನ್ನು ಯಾರೂ ನಂಬಲಿಲ್ಲ. ಹೆಂಗಸಿಗೆ ವೈದ್ಯ ಬರುವುದುಂಟೆ? ಗಂಡು ವೈದ್ಯ ಬೇಡ, ಏಕೆಂದರೆ ಅವನು ಗಂಡಸು. ಹೆಣ್ಣು ವೈದ್ಯೆ ಬೇಡ, ಏಕೆಂದರೆ ಆಕೆ ಹೆಂಗಸು. ಈ ಇಕ್ಕಟ್ಟಿನಲ್ಲಿ ರೋಗಿಗೆ ಉಳಿಯುವ ದಾರಿ ಯಾವುದು? ಮಾರ್ಗದರ್ಶನ ಮಾಡಬೇಕಾಗಿದ್ದ ತಂದೆಯೂ ಅದೇ ವರುಷ ತೀರಿಕೊಂಡರು. ಬಂಗಲೆಯ ಒಂದು ಚಿಕ್ಕ ಕೋಣೆಯೇ ದವಾಖಾನೆಯಾಯಿತು. ಒಂದು ಮಂಚ, ಕಿಟಕಿಯೇ ಔಷಧ ಕೊಡುವ ಗೂಡು. ಬುಟ್ಲರನ ಹೆಂಡತಿ ಸಲೋಮಿ ಸಹಾಯಕಿಯಾಗಿ ನಿಂತಳು. ಗಾಯ ತೊಳೆಯುವುದು, ಬಟ್ಟೆ ಕಟ್ಟುವುದು, ಮದ್ದು ಕಲೆಸುವುದು ಎಲ್ಲವನ್ನೂ ಡಾಕ್ಟರರಿಂದ ಕಲಿತು, ಅವರ ಮೊದಮೊದಲ ಶಸ್ತ್ರಚಿಕಿತ್ಸೆಗಳಲ್ಲಿ ಪಕ್ಕದಲ್ಲಿ ನಿಂತವಳು ಅವಳೇ. ಊರ ಹೆಂಗಸರ ನಂಬಿಕೆ ಗೆದ್ದದ್ದರಲ್ಲಿ ಅಮೆರಿಕದ ಪದವಿಪತ್ರದ ಪಾಲು ಎಷ್ಟೋ, ಅವರ ಮಾತನ್ನೇ ಆಡುವ ಈ ಸಲೋಮಿಯ ಪಾಲೂ ಅಷ್ಟೇ ಎಂದು ನನ್ನ ಊಹೆ. ಎರಡು ವರುಷಗಳಲ್ಲಿ ಐದು ಸಾವಿರ ರೋಗಿಗಳು ಆ ಕೋಣೆಯನ್ನು ಕಂಡರು. 1902ರಲ್ಲಿ ಷೆಲ್‌ನ ಹೆಂಡತಿಯ ಹೆಸರಿನ ನಲವತ್ತು ಹಾಸಿಗೆಗಳ ಆಸ್ಪತ್ರೆ ತೆರೆಯಿತು, ಹೆಂಗಸರಿಗೂ ಮಕ್ಕಳಿಗೂ ಮಾತ್ರ.

ಆಸ್ಪತ್ರೆಗೆ ಬರಲಾರದವರ ಬಳಿಗೆ ತಾವೇ ಹೋದರು. ಮೊದಲು ಎತ್ತಿನ ಬಂಡಿ, 1909ರಲ್ಲಿ ಒಂದು ಪುಟ್ಟ ಪ್ಯೂಜೋ ಮೋಟಾರು. ಗುಡಿಯಾತ್ತಮ್ ರಸ್ತೆಯ ಮರಗಳ ಕೆಳಗೆ ಗೊತ್ತಾದ ದಿನ ರೋಗಿಗಳು ಕಾಯ್ದು ಕುಳಿತಿರುತ್ತಿದ್ದರು. ಅದೇ ವರುಷ ದಾದಿಯರ ಶಾಲೆ ಆರಂಭವಾಯಿತು. ಆದರೂ ಒಬ್ಬ ಹೆಂಗಸು ಎಷ್ಟು ಬಾಗಿಲುಗಳಿಗೆ ಓಡಿಯಾಳು? ತಿಂಡಿವನದ ಮೂರು ಮನೆಗಳಲ್ಲಿ ಒಂದೇ ರಾತ್ರಿ ನೋವು ಬಂದಿತ್ತು. ಅಂದು ಅವರು ವೈದ್ಯೆಯಾಗಿದ್ದರೂ ಮೂವರಲ್ಲಿ ಒಬ್ಬಳನ್ನೋ ಇಬ್ಬರನ್ನೋ ಉಳಿಸುತ್ತಿದ್ದರು. ಆದುದರಿಂದ ನೂರಾರು ವೈದ್ಯೆಯರು ಬೇಕು, ಅವರು ಈ ನೆಲದ ಹುಡುಗಿಯರೇ ಆಗಬೇಕು ಎಂಬ ನಿರ್ಣಯಕ್ಕೆ ಡಾಕ್ಟರ್ ಐಡಾ ಬಂದರು. ಅವರ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದು. ನಾಚುವ ಹೆಣ್ಣನ್ನು ಗದರಿಸಿ ತಿದ್ದಲು ಅವರು ಹೊರಡಲಿಲ್ಲ. ಅವಳ ನಾಚಿಕೆಗೆ ತಕ್ಕ ವೈದ್ಯೆಯನ್ನು ತಯಾರಿಸಲು ಹೊರಟರು.

ಮದರಾಸಿನ ಸರ್ಜನ್ ಜನರಲ್ ಸಾಹೇಬರಿಗೆ ಇದರಲ್ಲಿ ನಂಬಿಕೆಯಿರಲಿಲ್ಲ. ಓದಲು ಹುಡುಗಿಯರೇ ಸಿಗಲಾರರೆಂದೂ, ಆರು ಜನ ಸಿಕ್ಕರೆ ಶಾಲೆ ತೆರೆಯಬಹುದೆಂದೂ ಅವರು ಹೇಳಿದರಂತೆ. ಆರಲ್ಲ, ಅದರ ಎಷ್ಟೋ ಪಟ್ಟು ಅರ್ಜಿಗಳು ಬಂದು, ಹಲವರನ್ನು ಹಿಂದಕ್ಕೆ ಕಳುಹಿಸಬೇಕಾಯಿತು. 1918ರ ಆಗಸ್ಟಿನಲ್ಲಿ ಹೆಂಗಸರ ವೈದ್ಯಶಾಲೆ ಪ್ರಾರಂಭವಾಯಿತು. ಕಟ್ಟಡ ಬಾಡಿಗೆಯದು, ಉಪಕರಣಗಳು ಬೆರಳೆಣಿಕೆಯವು. ಗಂಡಸರ ಶಾಲೆಗಳಿಂದ ಕುಳಿತವರಲ್ಲಿ ಐವರಿಗೆ ಒಬ್ಬ ತೇರ್ಗಡೆಯಾಗುತ್ತಿದ್ದ ಸರಕಾರಿ ಪರೀಕ್ಷೆಯಲ್ಲಿ ವೆಲ್ಲೂರಿನ ಹದಿನಾಲ್ವರು ಹುಡುಗಿಯರೂ ತೇರ್ಗಡೆಯಾದರು. 1922ರಲ್ಲಿ ಅವರು ವೈದ್ಯೆಯರಾಗಿ ಹೊರಬಿದ್ದರು. ಮದುವೆಯ ಮಾತಿನ ನಡುವೆ ಮೊಂಡು ಹಿಡಿದು ಓದಿಗೆ ಬಂದ ಆ ಹುಡುಗಿಯರಿಗೆ, ರಾತ್ರಿ ಪಾಳಿಯಲ್ಲಿ ದೀಪ ಹಿಡಿದು ಹೆರಿಗೆ ಕೋಣೆಗೆ ನಡೆಯುವುದನ್ನು ಡಾಕ್ಟರ್ ಐಡಾ ತಾವೇ ಮುಂದೆ ನಡೆದು ಕಲಿಸಿದರು.

ಇಲ್ಲಿ ನಮ್ಮ ಸೀಮೆಯ ಮಾತನ್ನು ಆಡಬೇಕು. ಗಂಡು ವೈದ್ಯ ಬೇಡವೆಂಬುದು ಗೋಷಾದವರ, ಅಗ್ರಹಾರದವರ ರೀತಿಯೆಂದು ಹಲವರು ತಿಳಿದಿದ್ದಾರೆ. ಸಿರುಗುಪ್ಪದ ಕಾಲುವೆಯ ಕೆಳಗಿನ ಗದ್ದೆಗಳಲ್ಲಿ ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಗಂಡಸರ ಎದುರಿನಲ್ಲಿಯೇ ಕೆಸರಿಗಿಳಿದು ನಾಟಿ ಮಾಡುವ ಹೆಂಗಸಿಗೆ ಪರದೆಯಿಲ್ಲ, ಗೋಷಾ ಇಲ್ಲ. ಆದರೂ ಬಿಳಿ ಸೆರಗೋ, ಗರ್ಭಕೋಶ ಜಾರಿದ್ದೋ ಆದರೆ ಅವಳೂ ಡಾಕ್ಟರಮ್ಮ ಇದ್ದಾರೋ ಎಂದು ಮೊದಲು ವಿಚಾರಿಸುತ್ತಾಳೆ. ಇಲ್ಲವೆಂದರೆ ಸೆರಗನ್ನು ಬಿಗಿದುಕೊಂಡು ಮರಳುತ್ತಾಳೆ, ವರುಷಗಟ್ಟಲೆ ನೋವನ್ನು ಹೊತ್ತುಕೊಂಡು ತಿರುಗುತ್ತಾಳೆ. ಅವಳನ್ನು ತಡೆಯುವ ಶಾಸ್ತ್ರ ಯಾವುದೂ ಇಲ್ಲ, ಗಂಡನೂ ತಡೆಯುವುದಿಲ್ಲ. ಅದು ಅವಳದೇ ಸಂಕೋಚ, ಅವಳದೇ ಆಯ್ಕೆ. ಅದನ್ನು ಅಜ್ಞಾನವೆಂದು ಕರೆಯುವ ಧೈರ್ಯ ನನಗಿಲ್ಲ.

ಕುರುಗೋಡಿನ ಒಬ್ಬ ಹಿರಿಯ ತಾಯಿಯನ್ನು ನಾನು ಈ ವಿಷಯ ಕೇಳಿದಾಗ ಆಕೆ ನಕ್ಕುಬಿಟ್ಟರು. ಏಳು ಹೆತ್ತವರು. ಹೆಣ್ಣು ಡಾಕ್ಟರು ಬೇಕೋ ಗಂಡು ಡಾಕ್ಟರು ಬೇಕೋ ಎಂದು ತಮ್ಮ ಜನ್ಮದಲ್ಲಿ ಯಾರೂ ಕೇಳಿರಲಿಲ್ಲವಂತೆ. ಯಾರನ್ನು ಕರೆಸಬೇಕೆಂದು ಅತ್ತೆ ಹೇಳುತ್ತಿದ್ದರು, ಗಂಡ ಹೋಗಿ ಕರೆತರುತ್ತಿದ್ದರು. ನೋವು ಮಾತ್ರ ತಮ್ಮದಾಗಿತ್ತು ಎಂದರು. ಬಳ್ಳಾರಿ ನಗರದಲ್ಲಿ ಉಪಾಧ್ಯಾಯಿನಿಯಾಗಿರುವ ಒಬ್ಬ ತರುಣಿ ಹೇಳಿದ್ದು ಬೇರೆ. ಚೊಚ್ಚಲ ಬಸಿರಿನಲ್ಲಿ ತಾವಾಗಿ ಹುಡುಕಿಕೊಂಡು ಹೋದ ವೈದ್ಯೆ ಪ್ರಶ್ನೆ ಕೇಳಿದ್ದಕ್ಕೆ ಗದರಿದರಂತೆ; ಮುಂದೆ ಬೇರೆ ದಾರಿಯಿಲ್ಲದೆ ಕಂಡ ಗಂಡು ವೈದ್ಯರು, ದಾದಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಮುಟ್ಟುವ ಮೊದಲು ಏನು ಮಾಡುವೆನೆಂದು ತಿಳಿಸಿ, ಒಪ್ಪಿಗೆ ಕೇಳಿ, ಪರೀಕ್ಷಿಸಿದರಂತೆ. ಎರಡನೆಯ ಹೆರಿಗೆಗೆ ಈಕೆ ಅವರಲ್ಲಿಗೇ ಹೋದರು. ಹಾಗೆಂದು ತಂಗಿಗೆ ಅವರನ್ನು ಸೂಚಿಸಲಿಲ್ಲ. ತಂಗಿಯ ಸ್ವಭಾವ ಬೇರೆ, ಆಕೆಗೆ ಡಾಕ್ಟರಮ್ಮನೇ ಆಗಬೇಕೆಂದರು. ಇಷ್ಟು ಸೂಕ್ಷ್ಮವಾದ ವಿವೇಚನೆ ನಮ್ಮ ಆಸ್ಪತ್ರೆಗಳ ಚೀಟಿ ಬರೆಯುವ ಕಿಟಕಿಯಲ್ಲಿ ಇಲ್ಲ.

ಇರಲಿ, ವೆಲ್ಲೂರಿಗೆ ಮರಳೋಣ. ಅಮೆರಿಕದಲ್ಲಿ ಡಾಕ್ಟರ್ ಐಡಾ ಊರೂರು ತಿರುಗಿ ಹಣ ಕೂಡಿಸಿದ ಕಥೆ, ರಾಕ್‌ಫೆಲರ್ ನಿಧಿಯ ನೆರವು, ತೊಟ್ಟಪಾಳ್ಯದಲ್ಲಿ ಎದ್ದ ದೊಡ್ಡ ಆಸ್ಪತ್ರೆ, ಬಾಗಾಯಂ ಗುಡ್ಡಗಳ ಮಗ್ಗುಲಿಗೆ ಬಂದ ಕಾಲೇಜಿನ ಆವರಣ, ಇವನ್ನು ವಿಸ್ತರಿಸುವುದಿಲ್ಲ. ಅವರ ನಿಜವಾದ ಪರೀಕ್ಷೆ ಬಂದದ್ದು 1938ರಲ್ಲಿ, ಅರವತ್ತೇಳರ ವಯಸ್ಸಿನಲ್ಲಿ. ಕೆಳದರ್ಜೆಯ ವೈದ್ಯ ಪರವಾನಗಿಯ ಶಿಕ್ಷಣ ಇನ್ನು ಬೇಡ, ಎಲ್ಲ ಶಾಲೆಗಳೂ ವಿಶ್ವವಿದ್ಯಾನಿಲಯದ ಎಂ.ಬಿ.ಬಿ.ಎಸ್. ಪದವಿಯ ಮಟ್ಟಕ್ಕೆ ಏರಬೇಕು ಎಂದು ಮದರಾಸು ಸರಕಾರ ವಿಧಿಸಿತು. ಆಜ್ಞೆ ನ್ಯಾಯವಾದದ್ದೇ. ಆದರೆ ಅದಕ್ಕೆ ಬೇಕಾದ ಹಾಸಿಗೆಗಳು, ಪ್ರಾಧ್ಯಾಪಕರು, ಪ್ರಯೋಗಶಾಲೆಗಳು, ಗಂಡಸರ ವಾರ್ಡುಗಳು ಹೆಂಗಸರ ಮಿಷನ್ ಮಂಡಳಿಗಳ ಶಕ್ತಿಗೆ ಮೀರಿದವು. ಬಾಗಿಲು ಮುಚ್ಚಬೇಕು, ಇಲ್ಲವೇ ಗಂಡಸರನ್ನೂ ಒಳಗೆ ಬಿಟ್ಟು ಎಲ್ಲ ಮಿಷನ್‌ಗಳ ಸಮಾನ ಕಾಲೇಜಾಗಬೇಕು.

ಅಮೆರಿಕದ ಹಳೆಯ ಬೆಂಬಲಿಗರಲ್ಲಿ ಕೆಲವರು ಕೆರಳಿದರು. ಹೆಂಗಸರು ಕಾಸಿಗೆ ಕಾಸು ಕೂಡಿಸಿ ಕಟ್ಟಿದ್ದು ಹೆಂಗಸರಿಗಾಗಿ. ಗಂಡಸರು ಬಂದರೆ ಕ್ರಮೇಣ ಎಲ್ಲವೂ ಅವರ ಕೈ ಸೇರುತ್ತದೆ ಎಂಬುದು ಅವರ ವಾದ. ಅದರಲ್ಲಿ ಸತ್ಯಾಂಶವಿರಲಿಲ್ಲವೆಂದು ನಾನು ಹೇಳಲಾರೆ. ಆ ಭಯವನ್ನು ಹೊರಹಾಕಿದವರು ಆಪ್ತರಾದ ಗೆಳತಿಯರು. ಅದು ಡಾಕ್ಟರ್ ಐಡಾರನ್ನು ನೋಯಿಸಿತು. ಆದರೂ ಅವರು ಗಂಡಸರು ಬರಲೆಂಬ ಪಕ್ಷಕ್ಕೆ ಒಪ್ಪಿದರು. ಮೊದಲಿನಿಂದಲೂ ಅವರಿಗೆ ಗಂಡು ವೈದ್ಯನ ಮೇಲೆ ದ್ವೇಷವಿರಲಿಲ್ಲವಷ್ಟೆ. ತಂದೆ, ಅಜ್ಜ, ಚಿಕ್ಕಪ್ಪಂದಿರೆಲ್ಲ ಅವರೇ. ಅವರ ಹಟವಿದ್ದದ್ದು ಒಂದರಲ್ಲಿ: ಸಂಕಟದಲ್ಲಿರುವ ಹೆಣ್ಣು ಹೆಣ್ಣು ವೈದ್ಯೆಯನ್ನು ಕೇಳಿದರೆ ಇಲ್ಲವೆಂಬ ಉತ್ತರ ಬರಕೂಡದು. 1942ರಲ್ಲಿ ಪದವಿ ತರಗತಿಗಳು ಆರಂಭವಾದವು. ಡಾಕ್ಟರ್ ಐಡಾ 1946ರಲ್ಲಿ ನಿವೃತ್ತರಾದರು. ಮರುವರುಷ ಮೊದಲ ಗಂಡು ವಿದ್ಯಾರ್ಥಿಗಳು ಸೇರಿದರು. ಅದಾದ ಸ್ವಲ್ಪದರಲ್ಲಿಯೇ ವಿಶಾಖಪಟ್ಟಣದ ಮಗಳು ಡಾಕ್ಟರ್ ಹಿಲ್ಡಾ ಲಾಜರಸ್ ಆ ಸಂಸ್ಥೆಯ ಮುಖ್ಯಸ್ಥರಾದ ಮೊದಲ ಭಾರತೀಯರಾದರು.

ಈಗ ಕಾನೂನು ಈ ವಿಷಯದಲ್ಲಿ ಅಲ್ಲಲ್ಲಿ ಬಾಯಿ ತೆರೆದಿದೆ. 2012ರ ಪೋಕ್ಸೊ ಕಾಯಿದೆಯ ಪ್ರಕಾರ ಅತ್ಯಾಚಾರಕ್ಕೆ ಒಳಗಾದ ಬಾಲಕಿಯ ಪರೀಕ್ಷೆಯನ್ನು ಹೆಣ್ಣು ವೈದ್ಯೆಯೇ ಮಾಡಬೇಕು. ಆರೋಪಿಯಾದ ಹೆಂಗಸಿನ ಪರೀಕ್ಷೆ ವೈದ್ಯೆಯಿಂದ ಅಥವಾ ವೈದ್ಯೆಯ ಮೇಲ್ವಿಚಾರಣೆಯಲ್ಲಿ ಆಗಬೇಕೆಂದು 1973ರ ದಂಡ ಪ್ರಕ್ರಿಯಾ ಸಂಹಿತೆ ಹೇಳಿತ್ತು; 2024ರ ಜುಲೈ 1ರಿಂದ ಅದ್ರ ಸ್ಥಾನಕ್ಕೆ ಬಂದ ಹೊಸ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಸಾಮಾನ್ಯ ರೋಗಿಯ ವಿಷಯದಲ್ಲಿ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು ಇಷ್ಟನ್ನು ಹೇಳುತ್ತದೆ: ಗಂಡು ವೈದ್ಯನು ಪರೀಕ್ಷಿಸುವಾಗ ಇನ್ನೊಬ್ಬ ಹೆಂಗಸು ಜೊತೆಯಲ್ಲಿರುವುದು ರೋಗಿಣಿಯ ಹಕ್ಕು. ಹಕ್ಕು ಅವಳದು, ಅವಳ ಗಂಡನದಲ್ಲ, ಅತ್ತೆಯದಲ್ಲ. ತಾಲ್ಲೂಕಿನ ಆಸ್ಪತ್ರೆಯಲ್ಲಿ ಆ ರಾತ್ರಿ ಯಾರ ಪಾಳಿಯೆಂದು ಕೇಳಿಕೊಂಡು ಹೆರಿಗೆಯ ನೋವು ಬರುವುದಿಲ್ಲ. ಸಿರುಗುಪ್ಪದಿಂದ ಬಳ್ಳಾರಿಗೆ ಐವತ್ತು ಕಿಲೋಮೀಟರಿಗೂ ಮಿಕ್ಕ ಹಾದಿ. ಹೊರಡುವ ಮೊದಲು ಆಕೆಯನ್ನೇ ಒಂದು ಮಾತು ಕೇಳಲು ಅರ್ಧ ನಿಮಿಷ ಸಾಕು. ಗಂಡು ವೈದ್ಯರಾದರೂ ಆದೀತೆಂದು ಆಕೆಯೇ ಹೇಳಬಹುದು, ಬೇಡವೆನ್ನಲೂಬಹುದು. ಆಗ ಅದು ಆಕೆಯ ಮಾತು.

ನಿವೃತ್ತಿಯ ದಿನಗಳನ್ನು ಡಾಕ್ಟರ್ ಐಡಾ ಕೊಡೈಕೆನಾಲಿನ ತಮ್ಮ ಬೆಟ್ಟದ ಮನೆಯಲ್ಲಿ ಕಳೆದರು. ಟೆನಿಸ್ ಆಟವನ್ನು ಮುಪ್ಪಿನಲ್ಲಿಯೂ ಬಿಡದವರೆಂದು ಖ್ಯಾತಿ. ಐಡಾ, ಭಾರತ ಎಂದಷ್ಟೇ ವಿಳಾಸ ಬರೆದ ಕಾಗದವೊಂದು ಅವರ ಕೈಗೆ ನೇರವಾಗಿ ತಲುಪಿತೆಂದು ಹೇಳುತ್ತಾರೆ. 1960ರ ಮೇ 24ರಂದು, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಮರುವರುಷ, 1961ರಲ್ಲಿ, ಬಳ್ಳಾರಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಪ್ರಾರಂಭವಾಯಿತು. ಜನರ ಬಾಯಲ್ಲಿ ಈಗಲೂ ವಿಮ್ಸ್ ಎಂದೇ ಇರುವ ಆ ಕಾಲೇಜಿನಲ್ಲಿ ಓದಿದ ಹುಡುಗಿಯರು, ಸೀಮೆಯ ಹೆಂಗಸರು ಕಾದು ಕೇಳುವ ಡಾಕ್ಟರಮ್ಮಂದಿರಾದರು.